ಎಲ್ಲಾ ಹಸಿರು ಇದೆ ಅಂತ ಹೇಳಿಬಿಟ್ಟೆ

ಆಕೆ ಹಾವೇರಿ ಕಡೆಯವರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಬಲಗಣ್ಣಿಗೆ ಆಪ್ಟಿಕ್ ನ್ಯೂರೈಟಿಸ್, ಅಂದ್ರೆ ಕಣ್ಣಿನ ನರದ ಉರಿಯೂತ, ಆಗಿ ಐದು ವಾರ ಆಗಿತ್ತು, ಸ್ಟೀರಾಯ್ಡ್ ಡ್ರಿಪ್ ಮುಗಿದಿತ್ತು. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು ಮತ್ತು ನರಗಳ ಮಯಲಿನ್ ಹೊದಿಕೆ ಹಾಳುಮಾಡುವ ರೋಗ) ಇರಬಹುದು ಅಂತ ನ್ಯೂರಾಲಜಿಸ್ಟ್‌ಗೆ ಅನುಮಾನ. ಚೀಟಿಯಲ್ಲಿ ಮಾತ್ರ ‘ಓಸಿಟಿ, ಎರಡೂ ಕಣ್ಣು’ ಅಂತ ಇಷ್ಟೇ ಬರೆದಿದ್ದರು. ಓಸಿಟಿ ಅಂದ್ರೆ ಬೆಳಕಿನಿಂದ ರೆಟಿನಾದ ಪದರಗಳ ದಪ್ಪ ಅಳೆಯುವ ಸ್ಕ್ಯಾನ್, ಅದನ್ನು ಮಾಡೋದು ನನ್ನ ಕೆಲಸ.

ಅವತ್ತು ಶನಿವಾರ. ಪ್ಯೂಪಿಲ್ (ಕಣ್ಣಿನ ಪಾಪೆ) ಅಗಲ ಮಾಡುವ ಡ್ರಾಪ್ಸ್ ಹಾಕಿಸಿಕೊಂಡು ಹೊರಗೆ ಕೂತವರೇ ಮೂವತ್ತು ಜನ. ಈಕೆಗೂ ಪ್ಯೂಪಿಲ್ ನೋಡುವ ಮೊದಲೇ ಡ್ರಾಪ್ಸ್ ಬಿದ್ದಿತ್ತು, ಹಾಗಾಗಿ ಆರ್‌ಎಪಿಡಿ (ಒಂದು ಕಣ್ಣಿನ ಪ್ಯೂಪಿಲ್ ಬೆಳಕಿಗೆ ಇನ್ನೊಂದಕ್ಕಿಂತ ಕಡಿಮೆ ಕುಗ್ಗೋದು, ನರ ಸೋತಿರುವ ಗುರುತು) ನೋಡೋಕೆ ದಾರಿಯೇ ಇರಲಿಲ್ಲ. ನಮ್ಮಲ್ಲಿ ಡಿಸ್ಕ್ (ನರ ಕಣ್ಣಿಂದ ಹೊರಡುವ ಜಾಗ) ಸ್ಕ್ಯಾನ್‌ಗೆ ಒಂದು ಬಿಲ್, ಮ್ಯಾಕ್ಯುಲಾಗೆ (ರೆಟಿನಾದ ನಡುಭಾಗ) ಇನ್ನೊಂದು. ಎರಡೂ ಮಾಡಬೇಕಂದ್ರೆ ಪೇಷಂಟನ್ನು ಮತ್ತೆ ಕೌಂಟರ್‌ಗೆ ಓಡಿಸಬೇಕು. ನಾನು ಡಿಸ್ಕ್ ಮಾತ್ರ ಮಾಡಿದೆ.

ಯಂತ್ರದ ಮೇಲೆ ಗದ್ದ ಇಟ್ಟುಕೊಂಡೇ ಆಕೆ ಮಾತು ತೆಗೆದರು. “ಅಕ್ಕಾರ, ಬಿಸಿನೀರಿನ ಜಳಕಾ ಮಾಡಿ ಬಂದ್ರ ಈ ಕಣ್ಣು ಸ್ವಲ್ಪ ಹೊತ್ತು ಮಬ್ಬಾಗ್ತೈತ್ರಿ. ಕೆಂಪು ದಾರ ಈ ಕಣ್ಣಿಗೆ ಮಾಸಿದಂಗ ಕಾಣ್ತೈತಿ.”

“ಮಾತಾಡಬೇಡಿ, ಚುಕ್ಕೆ ನೋಡ್ತಾ ಇರಿ” ಅಂದೆ.

ಆ ಎರಡು ಮಾತು ನನಗೆ ಈಗಲೂ ಕೇಳಿಸುತ್ತೆ. ಮೈ ಬಿಸಿಯಾದಾಗ ಮಂಜಾಗೋದು ಉಥಾಫ್ ಅನ್ನೋ ಲಕ್ಷಣ, ಏಟು ತಿಂದ ನರದ್ದು. ಕೆಂಪು ಬಣ್ಣ ಮಾಸೋದು ನರ ಸೋತಿರುವ ಗುರುತು. ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಎದುರಿಗೆ ಕೂತವರೇ ಹೇಳಿದಾಗ ಕಿವಿಗೆ ಬೀಳಲಿಲ್ಲ.

ಪ್ರಿಂಟ್ ಬಂತು. ಆರ್‌ಎನ್‌ಎಫ್‌ಎಲ್ (ಡಿಸ್ಕ್ ಸುತ್ತಲಿನ ನರದ ಎಳೆಗಳ ಪದರ) ಬಲಕ್ಕೆ 96 ಮೈಕ್ರಾನ್, ಎಡಕ್ಕೆ 98. ನಾಲ್ಕೂ ಕ್ವಾಡ್ರಂಟ್ (ಭಾಗ) ಹಸಿರು, ಅಂದ್ರೆ ಯಂತ್ರದ ಲೆಕ್ಕದಲ್ಲಿ ನಾರ್ಮಲ್. ವಿಷನ್ ಕೂಡ 6/9ಕ್ಕೆ, ಹೆಚ್ಚುಕಮ್ಮಿ ನಾರ್ಮಲ್‌ಗೆ, ಬಂದಿತ್ತು. ಆಕೆ ಭಯದಿಂದ ನನ್ನ ಮುಖವನ್ನೇ ನೋಡ್ತಿದ್ದರು. ಸಮಾಧಾನ ಆಗಲಿ ಅಂತ, “ಎಲ್ಲಾ ಹಸಿರು ಇದೆ, ನರ ಚೆನ್ನಾಗಿದೆ” ಅಂದುಬಿಟ್ಟೆ.

ಮೂರು ವಾರ ಆದಮೇಲೆ ನ್ಯೂರಾಲಜಿಸ್ಟ್ ಫೋನ್ ಬಂತು. ಆಕೆಯ ಗಂಡ ಪ್ರಿಂಟಿನ ಫೋಟೋ ವಾಟ್ಸಾಪ್ ಮಾಡಿ, ‘ನಾರ್ಮಲ್ ಅಂದಾರ, ಎಂಆರ್‌ಐ ಬೇಕಾಗ್ತದೇನ್ರಿ’ ಅಂತ ಕೇಳಿದ್ದರಂತೆ. ಅಷ್ಟು ದಿನ ಎಂಆರ್‌ಐ ಮಾಡಿಸಿಯೇ ಇರಲಿಲ್ಲ.

“ಐದನೇ ವಾರದ ಆರ್‌ಎನ್‌ಎಫ್‌ಎಲ್ ನೋಡಿ ನಾರ್ಮಲ್ ಅಂದೋರು ಯಾರು? ಗ್ಯಾಂಗ್ಲಿಯಾನ್ ಸೆಲ್ ಎಲ್ಲಿ?” ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಟ್ಯಾಕ್ ಆದಾಗ ನರದ ಎಳೆಗಳು ಬಾತುಕೊಳ್ಳುತ್ತವೆ. ಬಾವು ಇಳಿಯುತ್ತಾ, ಎಳೆಗಳು ಸಾಯುತ್ತಾ ಪದರ ತೆಳ್ಳಗಾಗುತ್ತೆ. ಹಾಗೆ ಇಳಿಯುವ ದಾರಿಯಲ್ಲಿ ನಾರ್ಮಲ್ ಅನ್ನೋ ನಂಬರ್ ಒಂದು ಸಲ ಬಂದೇ ಬರುತ್ತೆ. ನಾನು ಹಿಡಿದಿದ್ದು ಆ ದಿನವನ್ನೇ. ಆ ಎಳೆಗಳು ಹೊರಡುವ ಜೀವಕೋಶಗಳ ಪದರ, ಗ್ಯಾಂಗ್ಲಿಯಾನ್ ಪದರ, ಹಾಗೆ ಬಾತುಕೊಳ್ಳಲ್ಲ, ಕೆಲವೇ ವಾರದಲ್ಲಿ ಸವೆದಿದ್ದು ತೋರಿಸಿಬಿಡುತ್ತೆ. ಅದು ಸಿಗೋದು ಮ್ಯಾಕ್ಯುಲಾ ಸ್ಕ್ಯಾನಿನಲ್ಲಿ, ನಾನು ಬಿಟ್ಟಿದ್ದ ಸ್ಕ್ಯಾನಿನಲ್ಲಿ.

ಮರುದಿನವೇ ಕರೆಸಿದೆ. ಬಿಲ್ ಮಾತು ಆಮೇಲೆ ನೋಡೋಣ ಅಂತ ಕೌಂಟರ್‌ಗೆ ಹೇಳಿದೆ. ಬಲಗಣ್ಣಿಗೆ ಮೊದಲ ಮ್ಯಾಕ್ಯುಲಾ ಸ್ಕ್ಯಾನ್, ಸಿಗ್ನಲ್ (ಚಿತ್ರದ ಗುಣಮಟ್ಟ) ಬರೀ 5. ಅದನ್ನು ಇಟ್ಟುಕೊಳ್ಳಲಿಲ್ಲ. ಕಣ್ಣು ಒಣಗಿತ್ತು, ಟಿಯರ್ ಡ್ರಾಪ್ಸ್ ಹಾಕಿ ಎರಡು ನಿಮಿಷ ಕಾದೆ. ಎರಡನೇ ಸಲ ರೆಪ್ಪೆ ಬಡಿದು ನಡುವೆ ಗೆರೆ ಕಪ್ಪಾಯಿತು. ಮೂರನೆಯದರಲ್ಲಿ ಸಿಗ್ನಲ್ 8, ಆದರೆ ಫೋವಿಯಾ (ಮ್ಯಾಕ್ಯುಲಾದ ನಟ್ಟನಡು) ಪಕ್ಕಕ್ಕೆ ಸರಿದಿತ್ತು. ಚುಕ್ಕೆಯ ನಡುಭಾಗವೇ ಆಕೆಗೆ ಸರಿಯಾಗಿ ಕಾಣ್ತಿರಲಿಲ್ಲ. ಎಡಗಣ್ಣಿಗೆ ಹೊರಗಿನ ಲೈಟ್ ತೋರಿಸಿ ನಾಲ್ಕನೆಯದು ತೆಗೆದೆ. ಯಂತ್ರ ಪದರಗಳ ನಡುವೆ ಎಳೆಯುವ ಸೆಗ್ಮೆಂಟೇಶನ್ ಗೆರೆಗಳನ್ನು ಒಂದೊಂದೇ ಸ್ಲೈಸ್ ತಿರುಗಿಸಿ ನೋಡಿದೆ. ಅಷ್ಟು ಹೊತ್ತೂ ಹೊರಗಿನಿಂದ ಬಾಗಿಲು ಬಡೀತಾನೇ ಇದ್ದರು.

ಜಿಸಿಐಪಿಎಲ್, ಅಂದ್ರೆ ಗ್ಯಾಂಗ್ಲಿಯಾನ್ ಪದರದ ದಪ್ಪ, ಬಲಕ್ಕೆ 67, ಎಡಕ್ಕೆ 81. ಎರಡು ಕಣ್ಣಿನ ನಡುವೆ 4 ಮೈಕ್ರಾನ್ ವ್ಯತ್ಯಾಸ ಇದ್ದರೇ ನರಕ್ಕೆ ಏಟು ಬಿದ್ದಿದೆಯಾ ಅಂತ ನೋಡಬೇಕು. ಇಲ್ಲಿ 14.

ಅದೇ ವಾರ ಎಂಆರ್‌ಐ ಆಯಿತು, ಎಂಎಸ್ ಅಂತ ಖಚಿತ ಆಗಿ ಔಷಧಿ ಶುರುವಾಯಿತು. ಆ ಮೂರು ವಾರದಲ್ಲಿ ಇನ್ನೊಂದು ಅಟ್ಯಾಕ್ ಆಗಲಿಲ್ಲ, ದೇವರು ದೊಡ್ಡವನು.

ಎಂಎಸ್‌ನವರಿಗೆ ಈ ಪರೀಕ್ಷೆ ಯಾಕೆ ಇಷ್ಟು ಮುಖ್ಯ ಅಂದ್ರೆ, ರೆಟಿನಾದೊಳಗೆ ನರದ ಎಳೆಗೆ ಮಯಲಿನ್ ಹೊದಿಕೆ ಇರಲ್ಲ. ಅಲ್ಲಿ ತೆಳ್ಳಗಾಯಿತು ಅಂದ್ರೆ ಎಳೆಯೇ ಹೋಯಿತು ಅಂತ ಅರ್ಥ. ಸೂಜಿ ಚುಚ್ಚದೆ ಐದು ನಿಮಿಷದಲ್ಲಿ ಅಳೆಯಬಹುದು. 2024ರ ಮೆಕ್‌ಡೊನಾಲ್ಡ್ ಮಾನದಂಡದಲ್ಲಿ, ಎಂಎಸ್ ಗುರುತಿಸೋಕೆ ರೋಗದ ಕುರುಹು ಹುಡುಕುವ ಜಾಗಗಳ ಪಟ್ಟಿಗೆ ಕಣ್ಣಿನ ನರವನ್ನೂ ಐದನೆಯದಾಗಿ ಸೇರಿಸಿದ್ದಾರೆ. ಅಂದ್ರೆ ರೋಗ ನಿರ್ಧಾರದಲ್ಲಿ ನಮ್ಮ ಪ್ರಿಂಟೂ ಲೆಕ್ಕಕ್ಕೆ ಬರುವ ಕಾಲ ಬಂದಿದೆ. ಇನ್ನೂ ಒಂದು ಬಿಲ್‌ಗೆ ಒಂದೇ ಸ್ಕ್ಯಾನ್ ಅಂತ ಕೂತರೆ ಹೇಗೆ? ಮ್ಯಾನೇಜ್‌ಮೆಂಟ್‌ಗೆ ಎರಡು ಸಲ ಬರೆದು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ನ್ಯೂರೋ ಚೀಟಿ ಬಂದರೆ ನಾನಂತೂ ಎರಡೂ ಮಾಡ್ತೀನಿ, ಡ್ರಾಪ್ಸ್‌ಗೂ ಮುಂಚೆ ಟಾರ್ಚ್ ಹಿಡಿದು ಪ್ಯೂಪಿಲ್ ನೋಡ್ತೀನಿ.

ಹೋದ ತಿಂಗಳು ಆಕೆ ಫಾಲೋಅಪ್‌ಗೆ ಬಂದಿದ್ದರು. ಡ್ರಾಪ್ಸ್ ಬಾಟಲಿಯ ಕೆಂಪು ಮುಚ್ಚಳ ತೋರಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿದೆ. “ಇನ್ನೂ ಮಾಸಿದಂಗ ಐತ್ರಿ ಅಕ್ಕಾರ, ಆದ್ರ ಮೊದಲಿಗಿಂತ ಬೇಸಿ ಐತಿ” ಅಂದರು. ಅದನ್ನು ಹಾಗೇ ಫೈಲಿನಲ್ಲಿ ಬರೆದುಕೊಂಡು ಗದ್ದ ಇಡಿ ಅಂದೆ.