ಪೀಣ್ಯದ ವರ್ಕ್‌ಶಾಪ್, 26 ಜನರ ದಾಖಲೆ: ಎಂಟು ಭಾನುವಾರದ ಕೆಲಸ

ಮೊದಲ ಭಾನುವಾರ

ಪೀಣ್ಯ ಎರಡನೇ ಹಂತದಲ್ಲಿ ನನ್ನ ಸೋದರಮಾವನ ವರ್ಕ್‌ಶಾಪ್ ಇದೆ. ಲೇತ್, ಮಿಲ್ಲಿಂಗ್, ಎರಡು ಸಿಎನ್‌ಸಿ ಮಷಿನ್. ಒಟ್ಟು 26 ಜನ. ಲೆಕ್ಕಪತ್ರ ಎಲ್ಲ ಅತ್ತೆಯದು.

ಹೋದ ತಿಂಗಳು ಹಳೇ ಟರ್ನರ್ ಒಬ್ಬರು ಕೆಲಸ ಬಿಟ್ಟು ಊರಿಗೆ ಹೋದರು. ಮಗಳ ಮದುವೆ ಇದೆ ಎಂದು ಪಿಎಫ್ ದುಡ್ಡಿಗೆ ಅರ್ಜಿ ಹಾಕಿದರೆ ತಿರಸ್ಕಾರವಾಯಿತು. ನೋಡಿದರೆ, ತಂದೆಯ ಹೆಸರು ಇರಬೇಕಾದ ಜಾಗದಲ್ಲಿ ಅವರ ಊರಿನ ಹೆಸರಿದೆ. ನಮ್ಮಲ್ಲಿ ಹೆಸರಿನ ಮುಂದೆ ಎರಡು ಅಕ್ಷರ ಇದ್ದರೆ ಒಂದು ಊರಿನದು, ಇನ್ನೊಂದು ಅಪ್ಪನದು. 2014ರಲ್ಲಿ ಅವರು ಸೇರಿದಾಗ ಯಾರೋ ಅದನ್ನು ಅದಲುಬದಲು ಮಾಡಿದ್ದಾರೆ. "ಅಕ್ಕಾ, ಅದು ನಮ್ಮೂರು, ನಮ್ಮಪ್ಪ ಅಲ್ಲ" ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ಅತ್ತೆ ನನಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ನಾನು ವಾರವಿಡೀ ಸಾಫ್ಟ್‌ವೇರ್ ಬರೆಯುವವಳು. ಭಾನುವಾರ ಬಂದು ಎಲ್ಲರ ದಾಖಲೆ ಒಂದೊಂದಾಗಿ ನೋಡೋಣ ಎಂದು ಅತ್ತೆಗೆ ಮಾತು ಕೊಟ್ಟೆ.

ಎರಡು ಮತ್ತು ಮೂರನೇ ಭಾನುವಾರ

ಅತ್ತೆಯ ಎಕ್ಸೆಲ್ ಶೀಟಿನಿಂದ ಶುರು ಮಾಡಿದೆ. ಪಿಎಫ್‌ಗೂ, ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ ಅರ್ಜಿಗೂ ಇದನ್ನೇ ನೋಡಿ ತುಂಬುತ್ತಿದ್ದರು. ಹಾಗಾಗಿ ಇಲ್ಲಿ ತಪ್ಪಿದರೆ ಎಲ್ಲ ಕಡೆಯೂ ತಪ್ಪುತ್ತದೆ.

ಆಧಾರ್ ಸಂಖ್ಯೆಯ 12ನೇ ಅಂಕಿ ಸುಮ್ನೆ ಇಟ್ಟದ್ದಲ್ಲ. ಹಿಂದಿನ 11 ಅಂಕಿಗಳ ಮೇಲೆ ಲೆಕ್ಕ ಹಾಕಿ ಅದನ್ನು ಇಡುತ್ತಾರೆ. ಆ ಲೆಕ್ಕವನ್ನು 1969ರಲ್ಲಿ ಪ್ರಕಟಿಸಿದವರು ಡಚ್ ಗಣಿತಜ್ಞ ವೆರ್ಹೂಫ್. ಯಾವುದಾದರೂ ಒಂದು ಅಂಕಿ ತಪ್ಪಿದರೆ ಅದು ಹಿಡಿಯುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿಯುತ್ತದೆ. ಕೈಯಲ್ಲಿ ಟೈಪ್ ಮಾಡುವಾಗ ಜಾಸ್ತಿ ಆಗುವುದು ಈ ಎರಡೇ ತಪ್ಪು, ಅಲ್ವಾ? ಶೀಟಿಗೆ ಇದನ್ನು ಸೇರಿಸಲು ನನಗೆ ಒಂದು ಸಂಜೆ ಹಿಡಿಯಿತು. ಮೊದಲ ಸಲ ಸರಿಯಾಗಿ ಓಡಿದಾಗ ತುಂಬ ಖುಷಿಯಾಯಿತು.

26ರಲ್ಲಿ ಎರಡು ಕೆಂಪಾದವು. ಒಂದರಲ್ಲಿ ಅಂಕಿಗಳು ಅದಲುಬದಲಾಗಿದ್ದವು. ಇನ್ನೊಂದರಲ್ಲಿ ಆಧಾರ್ ಜಾಗದಲ್ಲಿ ಯುಎಎನ್, ಅಂದರೆ ಪ್ರತಿ ಪಿಎಫ್ ಸದಸ್ಯರಿಗೂ ಕೊಡುವ ಗುರುತಿನ ಸಂಖ್ಯೆ, ಕೂತಿತ್ತು. ಎರಡೂ 12 ಅಂಕಿಯೇ, ಹಾಗಾಗಿ ಈ ತಪ್ಪು ಸುಲಭವಾಗಿ ಆಗುತ್ತದೆ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಅಷ್ಟು ಗೊತ್ತಿದ್ದರೆ ಕಣ್ಣಲ್ಲೇ ಹಿಡಿಯಬಹುದು.

ಸಂಖ್ಯೆ ಸರಿಯಿದೆ ಎಂದ ಮಾತ್ರಕ್ಕೆ ಅದು ಅದೇ ಮನುಷ್ಯನದು ಎಂದಾಗುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕು.

ನಾಲ್ಕನೇ ಭಾನುವಾರ

ಇವತ್ತು ಕ್ಯೂಆರ್ ಕೋಡ್. ಆಧಾರ್ ಪತ್ರದ ಈಗಿನ ಕ್ಯೂಆರ್‌ನಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೊ ಎಲ್ಲ ಇರುತ್ತದೆ, ಅದರ ಮೇಲೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿಯೂ ಇರುತ್ತದೆ. ಪ್ರಾಧಿಕಾರದ್ದೇ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಸಹಿ ನಿಜವೋ ಸುಳ್ಳೋ ತಿಳಿಯುತ್ತದೆ. ಕಾಗದದ ಮೇಲೆ ಯಾರಾದರೂ ಫೋಟೊ ಬದಲಿಸಿದ್ದರೂ ಸ್ಕ್ಯಾನಿನಲ್ಲಿ ಅಸಲಿ ಫೋಟೊ ಬರುತ್ತದೆ. ಪೂರ್ತಿ ಆಧಾರ್ ಸಂಖ್ಯೆ ಮಾತ್ರ ಅದರಲ್ಲಿ ಇರುವುದಿಲ್ಲ. ಇದು ನನಗೆ ತುಂಬ ಇಷ್ಟವಾದ ವಿಷಯ. ಜೆರಾಕ್ಸ್ ನೋಡಿ ಏನು ಗೊತ್ತಾಗುತ್ತದೆ ಹೇಳಿ? ಕಾಗದ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಏಳು ಜನರದು ಸ್ಕ್ಯಾನ್ ಆಗಲಿಲ್ಲ. ಕೆಲವು ಹತ್ತು ವರ್ಷ ಹಳೆಯ ಪತ್ರಗಳು, ಅವುಗಳ ಕ್ಯೂಆರ್‌ನಲ್ಲಿ ಸಹಿಯೇ ಇಲ್ಲ. ಕೆಲವು ಜೇಬಿನಲ್ಲಿ ಮಡಚಿ ಮಡಚಿ ಸವೆದಿವೆ. ಅವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಮೊಬೈಲಿಗೆ ಬಂದ ಒಟಿಪಿಯಿಂದ ಹೊಸ ಇ-ಆಧಾರ್ ಇಳಿಸಿಕೊಟ್ಟೆವು.

ಆಮೇಲೆ ಅತ್ತೆಯ ಡ್ರಾಯರ್ ತೆಗೆದೆ. ಎಲ್ಲರ ಆಧಾರ್ ಜೆರಾಕ್ಸ್, ಬೀಗ ಇಲ್ಲ. ಬಿಟ್ಟು ಹೋದವರದ್ದೂ ಅಲ್ಲೇ. ಅತ್ತೆ ಜೋಪಾನ ಮಾಡಬೇಕು ಅಂತಲೇ ಇಟ್ಟಿದ್ದರು. ಆದರೆ ಅಷ್ಟು ಕಾಗದ ತಪ್ಪು ಕೈಗೆ ಸಿಕ್ಕರೆ ಏನಾಗಬಹುದು ಎಂದು ನೆನೆದು ನನಗೆ ಹೆದರಿಕೆಯಾಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲೇ. ಆ ಹಕ್ಕು ಲೇತ್ ಮುಂದೆ ನಿಂತವರಿಗೂ ಇದೆ ಎಂದು ಅತ್ತೆಗೆ ಹೇಳಿದೆ. ಈಗ ಕಪಾಟಿಗೆ ಬೀಗ ಬಂದಿದೆ. ಬೇಡವಾದ ಜೆರಾಕ್ಸ್‌ಗಳನ್ನು ಹರಿದು ಹಾಕಿದ್ದೇವೆ. ಶೀಟಿನಲ್ಲಿ ಪರೀಕ್ಷೆ ಮುಗಿದ ಮೇಲೆ ಕೊನೆಯ ನಾಲ್ಕು ಅಂಕಿ ಮಾತ್ರ ಉಳಿಯುತ್ತದೆ.

ಐದನೇ ಭಾನುವಾರ ಹಬ್ಬ, ಬಿಡುವು.

ಆರನೇ ಭಾನುವಾರ

ಆಧಾರ್, ಪಿಎಫ್, ಬ್ಯಾಂಕ್ ಪಾಸ್‌ಬುಕ್, ಮೂರನ್ನೂ ಅಕ್ಕಪಕ್ಕ ಇಟ್ಟು ಓದಿದೆವು. ಐದು ಜನರದು ತಾಳೆಯಾಗಲಿಲ್ಲ. ಮೂವರದು ಹೆಸರಿನ ಇಂಗ್ಲಿಷ್ ಕಾಗುಣಿತ: 'ಟಿ' ಆದ ಮೇಲೆ ಒಂದರಲ್ಲಿ 'ಎಚ್' ಇದೆ, ಇನ್ನೊಂದರಲ್ಲಿ ಇಲ್ಲ. 'ತ' ಬರೆಯಲು ನಾವು 'ಎಚ್' ಹಾಕುತ್ತೇವೆ, ಒಡಿಶಾದವರು ಹಾಕುವುದಿಲ್ಲ. ಅಲ್ಲಿಂದ ಬಂದ ಹೆಲ್ಪರ್ ಹೆಸರಿಗೆ ಇಲ್ಲಿ ಯಾರೋ ನಮ್ಮ ರೀತಿಯಲ್ಲಿ 'ಎಚ್' ಸೇರಿಸಿದ್ದಾರೆ.

ಉಳಿದಿಬ್ಬರದು ಹುಟ್ಟಿದ ದಿನ. ಒಬ್ಬರಿಗೆ ಶಾಲೆಯಲ್ಲಿ ಮೇಷ್ಟ್ರು ಜೂನ್ 1 ಎಂದು ಬರೆದಿದ್ದಾರೆ, ಇನ್ನೊಬ್ಬರ ಆಧಾರ್‌ನಲ್ಲಿ ಇಸವಿ ಮಾತ್ರ ಇದೆ. ಆಧಾರ್ ತೋರಿಸಿದರೆ ವಯಸ್ಸಿನ ಪ್ರಶ್ನೆ ಮುಗಿಯಿತು ಎಂದು ಮಾವ ನಂಬಿದ್ದರು. ಜನ್ಮದಿನಕ್ಕೆ ಒಪ್ಪುವ ದಾಖಲೆಗಳ ಪಟ್ಟಿಯಿಂದ ಪಿಎಫ್ ಸಂಸ್ಥೆ 2024ರ ಜನವರಿಯಲ್ಲೇ ಆಧಾರನ್ನು ತೆಗೆದಿದೆ. ಹಾಗಾಗಿ ಹೊಸಬರು ಬಂದರೆ ಇನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರವನ್ನೂ ಕೇಳುತ್ತೇವೆ. 18 ತುಂಬದ ಹುಡುಗರನ್ನು ಮಷಿನ್ ಹತ್ತಿರ ಬಿಡುವುದಿಲ್ಲ ಎಂದು ಮಾವ ಗಟ್ಟಿಯಾಗಿ ಹೇಳಿದ್ದಾರೆ.

ಎಂಟನೇ ಭಾನುವಾರ

ತಿದ್ದುಪಡಿಯ ಕೆಲಸ ನಡೆಯುತ್ತಿದೆ. 2025ರ ಜನವರಿಯಿಂದ ಇದು ಮೊದಲಿಗಿಂತ ಸುಲಭ. ಯುಎಎನ್‌ಗೆ ಆಧಾರ್ ಪರಿಶೀಲನೆ ಆಗಿದ್ದರೆ ಹೆಸರು, ತಂದೆಯ ಹೆಸರು, ಹುಟ್ಟಿದ ದಿನವನ್ನು ಕೆಲಸಗಾರರೇ ಪೋರ್ಟಲ್‌ನಲ್ಲಿ ತಿದ್ದಬಹುದು. ಆದರೆ 2017ರ ಅಕ್ಟೋಬರ್ 1ಕ್ಕಿಂತ ಮುಂಚಿನ ಯುಎಎನ್ ಆದರೆ ಮಾಲೀಕರ ಒಪ್ಪಿಗೆ ಬೇಕು. ನಮ್ಮ ಟರ್ನರ್ ಅವರದು ಹಳೆಯದು. ಅವರು ಊರಿನಿಂದ ಕಳಿಸಿದ ವಿನಂತಿ ಅತ್ತೆಯ ಲಾಗಿನ್‌ನಲ್ಲಿ ಒಂಬತ್ತು ದಿನದಿಂದ ಕಾಯುತ್ತಿತ್ತು. ಅಲ್ಲಿ ನೋಡಬೇಕು ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಮೊದಲು ಅದನ್ನೇ ತೆರೆಯುತ್ತಾರೆ.

ಟರ್ನರ್ ಅವರಿಗೆ ಗುರುವಾರ ದುಡ್ಡು ಬಂತು. ಫೋನ್ ಮಾಡಿ, ತಿದ್ದಿದ ದಾಖಲೆಯಲ್ಲಿದ್ದ ತಮ್ಮ ಅಪ್ಪನ ಹೆಸರನ್ನು ಅತ್ತೆಗೆ ಓದಿ ಹೇಳಿದರಂತೆ.

ಐದರಲ್ಲಿ ಮೂರು ಮುಗಿದಿವೆ. ಒಡಿಶಾದ ಹೆಲ್ಪರ್‌ದು ಬ್ಯಾಂಕಿನಲ್ಲಿ ಬಾಕಿ. ಇಸವಿ ಮಾತ್ರ ಇದ್ದವರು ಮಂಗಳವಾರ ಆಧಾರ್ ಸೇವಾ ಕೇಂದ್ರಕ್ಕೆ ಹೋಗುತ್ತಾರೆ. ಆ ಅರ್ಧ ದಿನದ ಸಂಬಳ ಕಡಿಯಬಾರದು ಎಂದು ಮಾವನಿಗೆ ಹೇಳಿದೆ, ಒಪ್ಪಿದರು.