ಲಾಂಗ್ಜಾದ ಕರಿಗುಂಡು

ಕಾಜಾದಿಂದ ಲಾಂಗ್ಜಾಗೆ ಹತ್ತಿದ ದಾರಿ ನನಗೆ ಸರಿಯಾಗಿ ನೆನಪಿಲ್ಲ, ತಲೆನೋವೊಂದೇ ನೆನಪು. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಈ ಊರು ಇರುವುದು ಸುಮಾರು 4,400 ಮೀಟರ್ ಎತ್ತರದಲ್ಲಿ. ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು. ಎಲ್ಲರೂ ದೊಡ್ಡ ಬುದ್ಧನ ಪ್ರತಿಮೆಯ ಫೋಟೊ ತೆಗೆಯುತ್ತಿದ್ದರು. ನಾನು ಬಂದಿದ್ದು ಕಾಲ ಕೆಳಗಿನ ಕಲ್ಲು ನೋಡಲು.

ಊರಿನ ಹುಡುಗನೊಬ್ಬ ಜೊತೆಗೆ ಬಂದ. ಹಳ್ಳದ ಪಕ್ಕದಲ್ಲಿ ಪದರ ಪದರವಾದ ಕಪ್ಪು ಕಲ್ಲು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದು. ಭೂವಿಜ್ಞಾನಿಗಳು ಇದನ್ನು ಸ್ಪಿತಿ ಶೇಲ್ ಅನ್ನುತ್ತಾರೆ. ಸುಮಾರು 15 ಕೋಟಿ ವರ್ಷ ಹಿಂದೆ ಇದು ಈಗಿಲ್ಲದ ಟೆಥಿಸ್ ಸಮುದ್ರದ ತಳದ ಕೆಸರಾಗಿತ್ತು. ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದಿದಾಗ ಆ ತಳವೇ ಮಡಚಿಕೊಂಡು ಮೇಲೆದ್ದಿತು. ಕಪ್ಪು ಪುಡಿಯ ನಡುವೆ ಅಲ್ಲಲ್ಲಿ ಗಟ್ಟಿ ಗುಂಡುಗಳು ಬಿದ್ದಿದ್ದವು. ಅರ್ಧ ಗಂಟೆ ಹುಡುಕಿದೆ, ಏನೂ ಕಾಣಲಿಲ್ಲ. ಹುಡುಗ ನಕ್ಕ. ನಾನು ಆಗಲೇ ಎರಡು ಸಲ ದಾಟಿ ಹೋಗಿದ್ದ ಗುಂಡೊಂದನ್ನು ಮಗುಚಿದ. ಒಡೆದ ಮುಖದಲ್ಲಿ ಟಗರಿನ ಕೊಂಬಿನಂಥ ಸುರುಳಿ!

ಇದು ಅಮೊನೈಟ್, ಆ ಸಮುದ್ರದಲ್ಲಿದ್ದ ಚಿಪ್ಪಿನ ಪ್ರಾಣಿಯೊಂದರ ಪಳೆಯುಳಿಕೆ. ಆ ಹೆಸರೂ ಕೊಂಬಿನಿಂದಲೇ ಬಂದದ್ದು. ಈಜಿಪ್ಟಿನ ಅಮೋನ್ ದೇವರಿಗೆ ಟಗರಿನ ಕೊಂಬು. ನಮಗೆ ಸಾಲಿಗ್ರಾಮ ಅಂದರೆ ಬೇಗ ಅರ್ಥವಾಗುತ್ತದೆ ಅಲ್ವಾ? ನೇಪಾಳದ ಕಾಳಿ ಗಂಡಕಿ ನದಿಯ ಚಕ್ರವಿರುವ ಸಾಲಿಗ್ರಾಮಗಳೂ ಅಮೊನೈಟ್‌ಗಳೇ. ವಜ್ರಕೀಟ ಕೊರೆದು ಚಕ್ರ ಮಾಡಿತು ಅನ್ನುವ ಕಥೆ ಇದೆ. ಒಂದು ಜೀವಿಯ ಕೆಲಸ ಅನ್ನುವಷ್ಟು ಮಾತ್ರ ನಿಜ. ಆದರೆ ಅದು ಹೊರಗಿನಿಂದ ಕೊರೆಯಲಿಲ್ಲ, ಒಳಗೆ ಕೂತು ಕಟ್ಟಿತು.

ಕಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದರೆ ಆ ಕಟ್ಟೋಣ ಕಾಣುತ್ತದೆ. ಪ್ರಾಣಿ ಬೆಳೆದ ಹಾಗೆಲ್ಲ ಹಿಂದೆ ಒಂದು ಗೋಡೆ ಕಟ್ಟಿಕೊಂಡು ಮುಂದಕ್ಕೆ ಸರಿಯುತ್ತಿತ್ತು. ವಾಸ ಕೊನೆಯ ಕೋಣೆಯಲ್ಲಿ ಮಾತ್ರ. ಹಿಂದಿನ ಕೋಣೆಗಳ ನೀರನ್ನು ಒಂದು ಸಣ್ಣ ನಾಳ ಹೀರಿ ತೆಗೆಯುತ್ತಿತ್ತು, ಅಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಹಾಗಾಗಿ ಭಾರದ ಚಿಪ್ಪು ಹೊತ್ತೂ ಮುಳುಗದೆ ತೇಲುತ್ತಿತ್ತು. ನೋಡಲು ಬಸವನಹುಳು, ಆದರೆ ಬಳಗ ಆಕ್ಟೋಪಸ್‌ನದು. ಏನು ತಿನ್ನುತ್ತಿತ್ತು? ನೆಟ್ಟಗಿನ ಚಿಪ್ಪಿನ ಬ್ಯಾಕ್ಯುಲೈಟಿಸ್ ಎಂಬ ದಾಯಾದಿಯನ್ನು ವಿಜ್ಞಾನಿಗಳು ಎಕ್ಸ್‌ರೇಯಲ್ಲಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಬಾಯೊಳಗೇ ಪುಟ್ಟ ಬಸವನಹುಳು, ಸಿಗಡಿ ಸಂಬಂಧಿಗಳ ತುಣುಕು ಸಿಕ್ಕಿದ್ದವು. ಪಾಪ, ಅರ್ಧ ಊಟ. ಇಡೀ ಕುಲ ಮುಗಿದದ್ದು 6.6 ಕೋಟಿ ವರ್ಷ ಹಿಂದೆ, ಡೈನೋಸಾರ್‌ಗಳ ಜೊತೆಗೇ.

ಗುಂಡನ್ನು ಹುಡುಗನ ಕೈಗೆ ಕೊಟ್ಟೆ. ಅವನು ಅದನ್ನು ಇದ್ದ ಜಾಗದಲ್ಲೇ ಇಟ್ಟು, ಸುರುಳಿ ಕೆಳಗಾಗುವಂತೆ ಮತ್ತೆ ಮಗುಚಿದ. ಯಾಕೆ ಅಂದೆ.

“ಹೀಗಿಟ್ಟರೆ ಯಾರೂ ಒಯ್ಯಲ್ಲ” ಅಂದ.