ಕೊಯಿಂಬ್ರಾದ ರಾತ್ರಿ, ಹಲಸಿನ ಬೀಜದ ವಾಸನೆ

ಮೊನ್ನೆ ಸಾಗರದ ಮನೆಯಲ್ಲಿ ಕರೆಂಟ್ ಹೋಗಿತ್ತು. ಹೊರಗೆ ಮಧ್ಯಾಹ್ನದಿಂದ ಬಿಡದೆ ಹೊಯ್ಯುವ ಮಳೆ. ಅಮ್ಮಮ್ಮ ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಹುಗಿದಿದ್ದಳು. ಆ ವಾಸನೆ ಬಂದದ್ದೇ ತಡ, ನನ್ನ ಮನಸ್ಸು ಪೋರ್ಚುಗಲ್‌ಗೆ ಓಡಿತು.

ಎರಡು ವರ್ಷ ಕೊಯಿಂಬ್ರಾದಲ್ಲಿ ಓದಿದೆ. 1290ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ, 1537ರಿಂದ ಈ ಊರಲ್ಲೇ ನೆಲೆ ನಿಂತ ವಿಶ್ವವಿದ್ಯಾಲಯ. ಅದು ಗುಡ್ಡದ ನೆತ್ತಿಯ ಮೇಲೆ, ಕೆಳಗೆ ಮೊಂಡೇಗೊ ಹೊಳೆ. ಹೋದ ದಿನ ಮನೆಯೊಡತಿ ಕೈಗೆ ಬೀಗದ ಕೈ ಕೊಟ್ಟು 'ಶಾವ್' ಅಂದರು. ನಮ್ಮ ಚಾವಿ! ಆ ಪದ ಪೋರ್ಚುಗೀಸರಿಂದಲೇ ಬಂದದ್ದಂತೆ. ಅನಾನಸ್ ಕೂಡ ಅವರ ಬಾಯಿಂದಲೇ ನಮಗೆ ಬಂದದ್ದು. ಯಾಕೋ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನವೆಂಬರ್ 11 ಅಲ್ಲಿ ಸಂತ ಮಾರ್ಟಿನ್ ಹಬ್ಬ. ಆ ಹೊತ್ತಿಗೆ ಬೀದಿಯಲ್ಲೆಲ್ಲ ಚೆಸ್ಟ್‌ನಟ್ ಸುಡುವ ಗಾಡಿಗಳು. ಅವರು ಅದಕ್ಕೆ ಕಸ್ತಾನ್ಯಾ ಅನ್ನುತ್ತಾರೆ. ಗಾಡಿಯ ಅಜ್ಜ ಒಂದೊಂದೇ ಕಾಯಿ ಹಿಡಿದು ಸಿಪ್ಪೆಗೆ ಚಾಕುವಿನಿಂದ ಗೀರು ಹಾಕುತ್ತಿದ್ದರು. ಇಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಮೇಲೆ ಕಲ್ಲುಪ್ಪು. ಸುಟ್ಟಾಗ ಸಿಪ್ಪೆಗೆ ಬೂದಿ ಬಳಿದ ಹಾಗೆ ಬಿಳಿ ಬಣ್ಣ ಬರುತ್ತದೆ. ಕಾಗದದ ಪೊಟ್ಟಣದಲ್ಲಿ ಹನ್ನೆರಡು ಕಾಯಿ ಎಣಿಸಿ ಕೊಟ್ಟರು. ಬಿಸಿಗೆ ಕೈ ಬದಲಿಸುತ್ತಾ ಒಂದನ್ನು ಸುಲಿದು ಬಾಯಿಗೆ ಹಾಕಿದೆ. ಥೇಟ್ ಸುಟ್ಟ ಹಲಸಿನ ಬೀಜ! ಸಿಹಿ ಸ್ವಲ್ಪ ಜಾಸ್ತಿ, ಅಷ್ಟೇ. ಗೆಳತಿ ಗಾಬರಿಯಾಗಿ ನೋಡಿದಳು, ನನ್ನ ಕಣ್ಣು ತುಂಬಿತ್ತು.

ಸಸ್ಯಾಹಾರಿಗಳಿಗೆ ಅಲ್ಲಿ ಹುಡುಕಬೇಕು. ನನಗೆ ಸಿಕ್ಕಿದ್ದು ಕಾಲ್ದೊ ವೆರ್ದ್. ಆಲೂಗಡ್ಡೆ ಬೇಯಿಸಿ ಮಸೆದು, ಕೂದಲೆಳೆಯ ಹಾಗೆ ಹೆಚ್ಚಿದ ಹಸಿರು ಕೋಸಿನ ಎಲೆ ಹಾಕಿ ಕುದಿಸಿದ ಸಾರು. ಮೇಲೆ ಹಂದಿಮಾಂಸದ ಚೂರು ಇಡುತ್ತಾರೆ. ಅದು ಬೇಡ ಅಂತ ಮೊದಲೇ ಹೇಳಬೇಕು. ಜೊತೆಗೆ ಮೆಕ್ಕೆಜೋಳದ ಬ್ರೆಡ್. ಚಳಿಗೆ ಅದಕ್ಕಿಂತ ಒಳ್ಳೇದು ಇಲ್ಲ.

ಆದರೆ ನಾನು ಮರೆಯಲಾರದ್ದು ಫಾದೊ. 2011ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದ, ಪೋರ್ಚುಗಲ್‌ನ ಹಾಡಿನ ಪ್ರಕಾರ ಅದು. ಅಲ್ಲಿ ರಾತ್ರಿ ಊಟವೇ ತಡ. ಆಮೇಲೆ ಚೌಕದಲ್ಲಿ ಕಾಫಿ, ಹರಟೆ. ಆಮೇಲೆ ಎಲ್ಲೋ ಸಣ್ಣ ಓಣಿಯಲ್ಲಿ ದೀಪ ಸಣ್ಣದಾಗುತ್ತದೆ. ಕಪ್ಪು ನಿಲುವಂಗಿ ಹೊದ್ದ ಹುಡುಗರು ಬಂದು ನಿಲ್ಲುತ್ತಾರೆ. ಪೋರ್ಚುಗೀಸ್ ಗಿಟಾರಿಗೆ ಹನ್ನೆರಡು ತಂತಿ, ಎರಡೆರಡು ಜೋಡಿಯಾಗಿ. ಮೀಟಿದರೆ ಹೆಂಚಿನಿಂದ ನೀರು ತೊಟ್ಟಿಕ್ಕಿದ ಹಾಗೆ ಕೇಳುತ್ತದೆ. ಮೊದಲ ಹಾಡು ಮುಗಿದಾಗ ನಾನು ಚಪ್ಪಾಳೆಗೆ ಕೈ ಎತ್ತಿದೆ. ಗೆಳತಿ ಮೆಲ್ಲನೆ ಕೈ ಹಿಡಿದಳು. ಕೊಯಿಂಬ್ರಾದ ರೂಢಿ ಬೇರೆ. ಅಲ್ಲಿ ಮೆಚ್ಚಿದವರು ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮುತ್ತಾರೆ. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಕೆಮ್ಮು. ಚಪ್ಪಾಳೆಗಿಂತ ಅದೇ ನನಗೆ ಹತ್ತಿರವಾಯಿತು.

ಒಂದು ಮಾತ್ರ ಒಗ್ಗಲಿಲ್ಲ. ಲಿಸ್ಬನ್‌ನಲ್ಲಿ ಹೆಂಗಸರು ಎದೆ ತುಂಬಿ ಹಾಡುತ್ತಾರೆ. ಕೊಯಿಂಬ್ರಾದ ಸಂಪ್ರದಾಯದಲ್ಲಿ ಗಂಡಸರದ್ದೇ ಹಾಡು. ಅದು ಬದಲಾಗಬೇಕು ಅಂತ ನನ್ನ ಅನಿಸಿಕೆ.

ಮೇ ತಿಂಗಳಲ್ಲಿ ವಿದ್ಯಾರ್ಥಿಗಳ ದೊಡ್ಡ ಹಬ್ಬ. ಅದು ಶುರುವಾಗುವುದು ನಡುರಾತ್ರಿಯ ಹಾಡಿನಿಂದ. ಹಳೇ ಚರ್ಚಿನ ಮುಂದೆ ಜನವೋ ಜನ. ಒಬ್ಬರದೂ ಮಾತಿಲ್ಲ. ಕಲ್ಲಿನ ಮೇಲೆ ಕೂತು ನನಗೆ ನೆನಪಾದದ್ದು ಗದ್ದೆ ಬಯಲಿನ ಯಕ್ಷಗಾನದ ಆಟ. ಕಂಬಳಿ ಹೊದ್ದು, ಬೆಳಗಿನ ಜಾವದ ಭಾಗವತರ ಪದಕ್ಕೆ ಕಾಯುತ್ತಿದ್ದ ರಾತ್ರಿಗಳು. ಹಾಡಿಗಾಗಿ ನಿದ್ದೆ ಬಿಡುವುದು ನಮಗೇನು ಹೊಸದಾ?

ಇದನ್ನೆಲ್ಲ ಕೇಳಿ ಅಮ್ಮಮ್ಮ ಅಂದಳು, "ಅಲ್ಲೂ ಹಲಸಿನ ಬೀಜ ಇದ್ದಾ ಕೂಸೇ?"

ಫೋನಿನಲ್ಲಿದ್ದ ಹಾಡು ಹಾಕಿದೆ. ಕೆಂಡದ ಬೆಳಕಲ್ಲಿ ಸುಮ್ನೆ ಕೂತು ಪೂರ್ತಿ ಕೇಳಿದಳು. ಗೆಳತಿ ಡಿಸೆಂಬರಿಗೆ ಬರುತ್ತಾಳೆ ಅಂತಲೂ ಹೇಳಿದೆ. ಅಷ್ಟರಲ್ಲಿ ಮೇಳಗಳ ತಿರುಗಾಟ ಶುರುವಾಗಿರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಅಮ್ಮಮ್ಮ ಒಂದು ಬುಟ್ಟಿ ಬೀಜಕ್ಕೆ ಕೆಮ್ಮಣ್ಣು ಮೆತ್ತಿ, ಕೆಡದ ಹಾಗೆ ಅಟ್ಟದ ಮೂಲೆಯಲ್ಲಿ ಇಡುತ್ತಿದ್ದಳು.